ಕಸೂತಿಯಲ್ಲಿ ಗಿಡ, ಹೂ, ಬಳ್ಳಿ: ಲೆಕ್ಕ ಹಾಕಿ ಹೊಲಿಯುವ ಬಗೆ

ಧಾರವಾಡದ ಕಸೂತಿಗೆ ಪೆನ್ಸಿಲ್ ಬೇಡ. ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು, ಎಣಿಕೆ ಹೇಳಿದಲ್ಲಿ ಸೂಜಿ ಇಳಿಸಬೇಕು. ಒಂದು ಎಳೆ ತಪ್ಪಿದರೆ ಅದು ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಹತ್ತಿಪ್ಪತ್ತು ಹೊಲಿಗೆ ಆದಮೇಲೆ ಎರಡು ಗೆರೆ ಕೂಡಬೇಕಾದ ಕಡೆ ಕೂಡುವುದಿಲ್ಲ, ಆಗ ಗೊತ್ತಾಗುತ್ತದೆ.

ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲು ಇವೆಲ್ಲ ಮನುಷ್ಯ ಮಾಡಿದ ವಸ್ತುಗಳು. ಅವುಗಳಲ್ಲಿ ನೇರ ಗೆರೆ ಜಾಸ್ತಿ, ಹಾಗಾಗಿ ಎಳೆ ಎಣಿಸುವ ಕೆಲಸಕ್ಕೆ ಸುಲಭವಾಗಿ ಒಗ್ಗುತ್ತವೆ. ಗಿಡಮರಗಳದ್ದೇ ತಕರಾರು. ಬಟ್ಟೆಯ ಹಾಸು ಹೊಕ್ಕು ನಮಗೆ ಕೊಡುವುದು ಮೂರೇ ದಾರಿ: ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಓರೆ. ಇಷ್ಟರಲ್ಲೇ ತುಳಸಿ, ತಾವರೆ, ಬಳ್ಳಿ ಎಲ್ಲವೂ ಬರಬೇಕು. ಹಳೆಯ ಇಳಕಲ್ ಸೀರೆಯ ಸೆರಗು ಅಥವಾ ಕಪ್ಪು ಚಂದ್ರಕಾಳಿ ಸೀರೆ ನೋಡಿದವರಿಗೆ ಅದು ಎಷ್ಟು ಚೆನ್ನಾಗಿ ಬರುತ್ತದೆ ಅಂತ ಗೊತ್ತಿರುತ್ತದೆ. ಆದರೆ ಇವತ್ತು ಕಲಿಯುವವರು ಮೊದಲು ಮಾಡುವುದು ಫೋಟೋ ನೋಡಿ ಹೂವನ್ನು ಗ್ರಾಫ್ ಕಾಗದಕ್ಕೆ ಇಳಿಸುವುದು. ಅದು ನೂರಕ್ಕೆ ತೊಂಬತ್ತು ಸಲ ಕೆಡುತ್ತದೆ. ಹೂ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಗಿಡ ಹೇಗೆ ಕವಲೊಡೆಯುತ್ತದೆ, ಎಸಳು ಎಷ್ಟು ಅನ್ನುವುದನ್ನು ನೋಡಿದರೆ ಕೆಲಸ ಅರ್ಧ ಆದ ಹಾಗೆ.

ಸಾಮಾನು

ಮೊದಲ ಸಲಕ್ಕೆ ಇಳಕಲ್ ಸೀರೆ ಮುಟ್ಟಬೇಡಿ. ಅದರ ಎಳೆ ತುಂಬಾ ಸಣ್ಣ. ಮ್ಯಾಟಿ ಬಟ್ಟೆ ಅಥವಾ 14 ಕೌಂಟ್ ಐಡಾ ಬಟ್ಟೆ ತಗೊಳ್ಳಿ. 14 ಕೌಂಟ್ ಅಂದರೆ ಒಂದು ಇಂಚಿಗೆ 14 ಚೌಕ. ಈ ಲೇಖನದ ಲೆಕ್ಕವೆಲ್ಲ ಅದರ ಮೇಲೆಯೇ ಇದೆ. ಮ್ಯಾಟಿ ಆದರೆ ಒಂದು ಇಂಚಿಗೆ ಎಷ್ಟು ಚೌಕ ಬರುತ್ತದೆ ಅಂತ ನೀವೇ ಸ್ಕೇಲ್ ಇಟ್ಟು ಎಣಿಸಿ. ಅಡ್ಡ ಒಂದು ಸಲ, ಉದ್ದ ಒಂದು ಸಲ. ಎರಡೂ ಒಂದೇ ಇರದಿದ್ದರೆ ಆ ಬಟ್ಟೆ ಬಿಡಿ. ಅದರ ಮೇಲೆ ಹಾಕಿದ ಹೂ ಚಪ್ಪಟೆಯಾಗುತ್ತದೆ.

ದಾರ ಆಂಕರ್ ಲಡಿ ಸಾಕು. ಅದರಲ್ಲಿ ಆರು ಎಳೆ ಇರುತ್ತವೆ, ಲಡಿಗೆ 8 ಮೀಟರ್. ಐಡಾ ಮೇಲೆ ಎರಡು ಎಳೆ ಹಾಕಿ, ಸಣ್ಣ ನೇಯ್ಗೆಯ ಬಟ್ಟೆ ಮೇಲೆ ಒಂದೇ ಎಳೆ. ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದು ಮತ್ತೆ ಜೋಡಿಸಿ. ಎರಡನ್ನೂ ಒಟ್ಟಿಗೆ ಎಳೆದರೆ ಉಳಿದದ್ದು ಸಿಕ್ಕುಗಟ್ಟುತ್ತದೆ. ಉದ್ದ ಒಂದು ಮೊಳಕ್ಕಿಂತ ಜಾಸ್ತಿ ಬೇಡ. ಉದ್ದ ದಾರ ಪ್ರತಿ ಸಲ ಬಟ್ಟೆಯೊಳಗೆ ಉಜ್ಜಿಕೊಂಡು ಕೊನೆಗೆ ಹೊಳಪು ಕಳೆದುಕೊಳ್ಳುತ್ತದೆ.

ಸೂಜಿ ಮೊಂಡು ತುದಿಯದ್ದೇ ಆಗಬೇಕು, 24 ಅಥವಾ 26 ನಂಬರ್. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ, ನಮಗೆ ಬೇಕಾದ್ದು ಎಳೆಗಳ ನಡುವಿನ ಕಂಡಿ. ಇಷ್ಟು ಬಿಟ್ಟರೆ ಒಂದು ರಿಂಗ್, ಕತ್ತರಿ, ಗ್ರಾಫ್ ಪುಸ್ತಕ.

ನಾಲ್ಕು ಹೊಲಿಗೆ, ನಾಲ್ಕು ಕೆಲಸ

ಕಸೂತಿಯ ನಾಲ್ಕು ಹೊಲಿಗೆಗಳು ಗವಂತಿ, ಮುರಗಿ, ನೇಗಿ, ಮೆಂತೆ. ಗಿಡದ ವಿಷಯದಲ್ಲಿ ಗವಂತಿ ಮುಖ್ಯ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಕಾಂಡ, ಕವಲು, ಎಸಳಿನ ಅಂಚು ಎಲ್ಲ ಇದರದ್ದೇ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಬಳ್ಳಿಗೆ ಹೇಳಿ ಮಾಡಿಸಿದ್ದು. ಈ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ.

ನೇಗಿ ಉದ್ದ ಗಿಡ್ಡ ಹೊಲಿಗೆಗಳ ಸಾಲು, ನೇಯ್ದ ಹಾಗೆ ಕಾಣುತ್ತದೆ. ಹಿಂದುಗಡೆ ಅದರ ಉಲ್ಟಾ ಬರುತ್ತದೆ: ಮುಂದೆ ದಾರ ಇರುವಲ್ಲಿ ಹಿಂದೆ ಖಾಲಿ. ಮೆಂತೆ ಅಡ್ಡ ಓರೆ ಕತ್ತರಿಸುವ ಹೊಲಿಗೆ, ತುಂಬುವುದಕ್ಕೆ ಬಳಸುತ್ತಾರೆ. ಅದರ ಹಿಂಭಾಗ ಮುಂಭಾಗದ ಹಾಗೆ ಇರುವುದಿಲ್ಲ. ಹಾಗಾಗಿ ಎರಡೂ ಕಡೆ ಕಾಣುವ ಸೆರಗು, ದುಪಟ್ಟಾ ಆದರೆ ಗವಂತಿ, ಮುರಗಿಯಲ್ಲೇ ಮುಗಿಸಿ. ಕುಬಸ, ದಿಂಬಿನ ಚೀಲ ಆದರೆ ಮೆಂತೆ ಧಾರಾಳವಾಗಿ ಹಾಕಬಹುದು.

ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಶುರು ಮಾಡುವಾಗ ಎರಡು ಇಂಚು ದಾರ ಹಿಂದೆ ಬಿಡಿ. ಕೊನೆಗೆ ಆ ತುದಿಯನ್ನು ಸೂಜಿಗೆ ಪೋಣಿಸಿ, ಆಗಲೇ ಬಿದ್ದಿರುವ ನಾಲ್ಕೈದು ಹೊಲಿಗೆಗೆ ಸುತ್ತಿ ಕತ್ತರಿಸಿ.

ಯಾವ ಗಿಡ ಒಗ್ಗುತ್ತದೆ?

ಅಂಗಳಕ್ಕೆ ಹೋಗಿ ಒಂದು ಕೊಂಬೆ ಕೈಗೆ ತಗೊಂಡು ಎಲೆ ಎಲ್ಲಿ ಹುಟ್ಟಿದೆ ನೋಡಿ. ತುಳಸಿ, ಮಲ್ಲಿಗೆ, ಎಕ್ಕ ಇವುಗಳಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಇಂಥ ಗಿಡಗಳು ನೆಟ್ಟಗೆ ನಿಲ್ಲುವ ಚಿತ್ರಕ್ಕೆ ಸರಿ. ನಡುವೆ ಕಾಂಡ, ಎಡಕ್ಕೆ ಹಾಕಿದ್ದೇ ಬಲಕ್ಕೆ. ವೀಳ್ಯದೆಲೆ, ದ್ರಾಕ್ಷಿ, ದಾಸವಾಳ ಇವುಗಳಲ್ಲಿ ಎಲೆ ಒಂದು ಆ ಕಡೆ, ಮುಂದಿನದು ಈ ಕಡೆ. ಇವನ್ನು ನೆಟ್ಟಗೆ ನಿಲ್ಲಿಸಿದರೆ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ಅಂಚಿನ ಬಳ್ಳಿ ಮಾಡಿ ಹರಿಯಬಿಟ್ಟರೆ ತಾನಾಗಿ ಕೂರುತ್ತವೆ.

ಇನ್ನು ಎಸಳಿನ ಲೆಕ್ಕ. ಚೌಕದ ಮೇಲೆ ನಾಲ್ಕು ದಿಕ್ಕು, ನಾಲ್ಕು ಮೂಲೆ. ಆದ್ದರಿಂದ ನಾಲ್ಕು ಎಸಳು, ಎಂಟು ಎಸಳು ಸಲೀಸು. ಸಾಸಿವೆ ಹೂವಿಗೆ, ಕೇಪಳಕ್ಕೆ ನಾಲ್ಕೇ ಎಸಳು, ಇದ್ದ ಹಾಗೇ ಹಾಕಬಹುದು. ತಾವರೆಗೆ ಎಸಳು ಬಹಳ, ಎಂಟಕ್ಕೆ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ದಾಸವಾಳ, ಹತ್ತಿ, ಎಕ್ಕ ಐದು ಎಸಳಿನವು. ಐದನ್ನು ಚೌಕದ ಮೇಲೆ ಸಮನಾಗಿ ಕೂರಿಸುವುದು ಆಗದ ಮಾತು. ಜನ ಒದ್ದಾಡುವುದು ಇಲ್ಲೇ. ಐದನೇ ಎಸಳನ್ನು ಎಲ್ಲೋ ತುರುಕುತ್ತಾರೆ, ಹೂ ಸೊಟ್ಟಗಾಗುತ್ತದೆ. ದಾಸವಾಳ ಬೇಕೇ ಬೇಕು ಅಂದರೆ ಮೇಲಿನಿಂದ ನೋಡಿದ ಹಾಗೆ ಹಾಕಬೇಡಿ, ಪಕ್ಕದಿಂದ ನೋಡಿದ ಹಾಗೆ ಹಾಕಿ. ಲಾಳಿಕೆಯಂಥ ಹೂ, ಅದರಿಂದ ಹೊರಗೆ ಚಾಚಿದ ಕೇಸರದ ಕಡ್ಡಿ, ಅಷ್ಟೇ. ಎಸಳು ಎಷ್ಟು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಬಂದ ದಾರಿಯಲ್ಲೇ ವಾಪಸ್

ಚುಕ್ಕಿ ರಂಗೋಲಿ ಹಾಕಿ ಅಭ್ಯಾಸ ಇರುವವರಿಗೆ ಗ್ರಾಫ್ ಮೇಲೆ ಚಿತ್ರ ಕೂರಿಸುವುದು ಹೊಸದಲ್ಲ. ಹೊಸದು ಅಂದರೆ ದಾರದ ದಾರಿ. ರಂಗೋಲಿಯಲ್ಲಿ ಕೈ ಎತ್ತಿ ಇನ್ನೊಂದು ಕಡೆ ಇಡಬಹುದು, ಇಲ್ಲಿ ಆಗುವುದಿಲ್ಲ. ಕೈ ಎತ್ತಿದರೆ ಹಿಂದೆ ದಾರ ಅಡ್ಡಾದಿಡ್ಡಿ ಬೀಳುತ್ತದೆ.

ನಿಯಮ ಒಂದೇ: ಹೋದ ದಾರಿಯಲ್ಲೇ ಹಿಂದೆ ಬನ್ನಿ. ಹೋಗುವಾಗ ಮುಂದೆ ಬಿದ್ದ ಹೊಲಿಗೆ, ಬರುವಾಗ ಹಿಂದೆ ಬೀಳುತ್ತದೆ. ಹೋಗುವಾಗ ಹಿಂದೆ ಬಿದ್ದದ್ದು ಬರುವಾಗ ಮುಂದೆ ಬರುತ್ತದೆ. ಒಟ್ಟು ಹೊಲಿಗೆ ಸರಿಸಂಖ್ಯೆ ಇರಲಿ, ಬೆಸಸಂಖ್ಯೆ ಇರಲಿ, ಲೆಕ್ಕ ತಪ್ಪುವುದಿಲ್ಲ. ಕಾಂಡದ ಮೇಲೆ ಹೋಗುವಾಗ ಕವಲು ಸಿಕ್ಕಿತಾ, ಕವಲಿನ ತುದಿ ತನಕ ಹೋಗಿ, ಅದೇ ಕವಲಲ್ಲಿ ಹಿಂದೆ ಬಂದು, ಆಮೇಲೆ ಕಾಂಡ ಹಿಡಿಯಿರಿ. ಸುತ್ತು ಸಿಕ್ಕಿತಾ, ಅಂದರೆ ಎಲೆ ಅಥವಾ ಎಸಳಿನ ಮುಚ್ಚಿದ ಆಕಾರ, ಪೂರ್ತಿ ಒಂದು ಸುತ್ತು ಹಾಕಿ. ಆಮೇಲೆ ತಿರುಗಿ ಉಲ್ಟಾ ಇನ್ನೊಂದು ಸುತ್ತು. ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ನಾಲ್ಕು ಬದಿಯ ಎಲೆಯಲ್ಲಿ ಎರಡು ಬದಿ ಮುಂದೆ ಡಬಲ್ ಆಗಿ, ಇನ್ನೆರಡು ಬದಿ ಮುಂದೆ ಖಾಲಿ ಉಳಿಯುತ್ತವೆ.

ವಾಪಸ್ ಬರುವಾಗ ಇನ್ನೊಂದು ಸಣ್ಣ ಉಪಾಯ ಇದೆ. ಅಡ್ಡ ಗೆರೆ ಹೊಲಿಯುತ್ತಿದ್ದರೆ, ಸೂಜಿ ಮೇಲೆ ಬರುವಾಗ ಹಳೆಯ ದಾರದ ಮೇಲ್ಬದಿಯಲ್ಲಿ ಬರಲಿ, ಇಳಿಯುವಾಗ ಕೆಳಬದಿಯಲ್ಲಿ ಇಳಿಯಲಿ. ಕೊನೆ ತನಕ ಹಾಗೇ. ಒಮ್ಮೆ ಹೀಗೆ ಒಮ್ಮೆ ಹಾಗೆ ಮಾಡಿದರೆ ಗೆರೆ ಹಲ್ಲು ಹಲ್ಲಾಗುತ್ತದೆ. ಹಳೆಯ ದಾರವನ್ನು ಚುಚ್ಚಲೇಬೇಡಿ, ಆಮೇಲೆ ಬಿಚ್ಚುವುದಕ್ಕೂ ಆಗುವುದಿಲ್ಲ.

ಈ ಗವಂತಿ ಹೊಲಿಗೆ ಯುರೋಪಿನಲ್ಲೂ ಇತ್ತು. 16ನೇ ಶತಮಾನದ ಚಿತ್ರಗಾರ ಹೋಲ್ಬೈನ್ ಬರೆದ ಜನರ ಅಂಗಿಗಳ ಮೇಲೆ ಕಾಣುತ್ತದೆ ಅಂತ ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ವಿದೇಶದಲ್ಲಿರುವವರು ಸೂಜಿ ದಾರದ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಬೇಕಾದ ಸಾಮಾನು ಕೊಡುತ್ತಾರೆ.

ಮೊದಲ ಹೂ: ಎಂಟೆಸಳಿನ ತಾವರೆ

ಇದು 4 ಚೌಕ ಅಗಲ, 4 ಚೌಕ ಎತ್ತರದ ಸಣ್ಣ ಬುಟ್ಟಾ. ಮೊದಲು ಗ್ರಾಫ್ ಮೇಲೆ ಬರೆದುಕೊಳ್ಳಿ.

ನಡುವೆ ಒಂದು ಚುಕ್ಕಿ. ಅಲ್ಲಿಂದ ಈಶಾನ್ಯ, ವಾಯವ್ಯ, ನೈಋತ್ಯ, ಆಗ್ನೇಯ ನಾಲ್ಕೂ ಮೂಲೆಗೆ ಒಂದೊಂದು ಓರೆ ಗೆರೆ, ತಲಾ ಒಂದು ಚೌಕ. ಈಗ ನಡುವಿನ ಚುಕ್ಕಿಯಿಂದ ನೇರ ಉತ್ತರಕ್ಕೆ ಎರಡು ಚೌಕ ಎಣಿಸಿ ಒಂದು ಚುಕ್ಕಿ ಇಡಿ. ಪೂರ್ವ, ದಕ್ಷಿಣ, ಪಶ್ಚಿಮಕ್ಕೂ ಹಾಗೇ. ಪ್ರತಿ ಚುಕ್ಕಿಯಿಂದ ಅಕ್ಕಪಕ್ಕದ ಎರಡು ಓರೆ ಗೆರೆಗಳ ತುದಿಗೆ ಓರೆಯಾಗಿ ಸೇರಿಸಿ. ನಾಲ್ಕು ದಿಕ್ಕಿನ ನಾಲ್ಕು ಎಸಳು ಆಯಿತು. ಉಳಿದ ನಾಲ್ಕು ಎಸಳು ಮೂಲೆಗಳಲ್ಲಿ: ಪ್ರತಿ ಓರೆ ಗೆರೆಯ ತುದಿಯಿಂದ ಹೊರಗೆ ಒಂದೊಂದು ಪುಟ್ಟ ಚೌಕ.

ಒಟ್ಟು ಗೆರೆ ಎಣಿಸಿ. ಒಳಗೆ 4, ಸುತ್ತ 8, ಮೂಲೆ ಚೌಕಗಳಲ್ಲಿ 16. ಒಟ್ಟು 28. ಮುಂದೆ 28 ಹೊಲಿಗೆ, ಹಿಂದೆ 28.

ಈಗ ಸೂಜಿ. ನಡುವಿನಲ್ಲಿ ಮೇಲೆ ಬನ್ನಿ, ಈಶಾನ್ಯದ ತುದಿಯಲ್ಲಿ ಇಳಿಯಿರಿ. ಅಲ್ಲಿಂದ ಮುಂದೆ ಒಂದು, ಹಿಂದೆ ಒಂದು, ಹೀಗೇ ಬದಲಾಗುತ್ತಾ ಹೋಗಲಿ. ಈಶಾನ್ಯದ ಪುಟ್ಟ ಚೌಕವನ್ನು ಒಂದು ಸುತ್ತು ಹಾಕಿ, ಉಲ್ಟಾ ಸುತ್ತಿ ಮತ್ತೆ ಅಲ್ಲಿಗೇ ಬನ್ನಿ. ಆಮೇಲೆ ಹೊರಗಿನ ದಾರಿ ಹಿಡಿದು ಉತ್ತರದ ತುದಿ, ವಾಯವ್ಯ, ಪಶ್ಚಿಮ, ನೈಋತ್ಯ, ದಕ್ಷಿಣ, ಆಗ್ನೇಯ, ಪೂರ್ವ, ಮತ್ತೆ ಈಶಾನ್ಯ. ನಡುವೆ ವಾಯವ್ಯ, ನೈಋತ್ಯ, ಆಗ್ನೇಯ ಸಿಕ್ಕಿದಾಗಲೆಲ್ಲ ಎರಡು ಕೆಲಸ: ಒಳಗೆ ನಡುಚುಕ್ಕಿಗೆ ಹೋಗಿ ಬರುವುದು, ಹೊರಗಿನ ಪುಟ್ಟ ಚೌಕ ಸುತ್ತಿ ಉಲ್ಟಾ ಸುತ್ತಿ ಬರುವುದು. ಈಶಾನ್ಯಕ್ಕೆ ಮುಟ್ಟಿದ ಮೇಲೆ ಹೊರ ಸುತ್ತನ್ನು ಪೂರ್ತಿ ಹಿಂದೆ ತಿರುಗಿ ಬನ್ನಿ. ಈಗ ದಾರಿಯಲ್ಲಿ ಎಲ್ಲೂ ನಿಲ್ಲುವ ಹಾಗಿಲ್ಲ, ಕವಲುಗಳೆಲ್ಲ ಆಗಲೇ ಮುಗಿದಿವೆ. ಕೊನೆಯ ಹೊಲಿಗೆ ಈಶಾನ್ಯದಿಂದ ನಡುವಿಗೆ, ಹಿಂಭಾಗದಲ್ಲಿ. ನೀವು ಬಿಟ್ಟಿದ್ದ ಎರಡು ಇಂಚಿನ ತುದಿಯೂ ಅಲ್ಲೇ ಇರುತ್ತದೆ.

14 ಕೌಂಟ್ ಬಟ್ಟೆಯಲ್ಲಿ ಇದು ಬರೀ 7 ಮಿಲಿಮೀಟರ್ ಹೂ. ಹೊಲಿಗೆಗೆ ಹೋಗುವ ದಾರ ಸುಮಾರು 12 ಸೆಂಟಿಮೀಟರ್, ಎರಡು ತುದಿ ಸೇರಿಸಿದರೆ ಒಂದು ಮೊಳದಲ್ಲಿ ಎರಡು ಹೂ. ಸಣ್ಣದಾಯಿತು ಅನ್ನಿಸಿದರೆ ಪ್ರತಿ ಗೆರೆಗೂ ಒಂದರ ಬದಲು ಎರಡು ಹೊಲಿಗೆ ಹಾಕಿ. ಹೂ 8 ಚೌಕ ಅಗಲ ಆಗುತ್ತದೆ, ದಾರಿ ಬದಲಾಗುವುದಿಲ್ಲ. ಒಂದೇ ಹೊಲಿಗೆಯನ್ನು ಎರಡು ಚೌಕ ಉದ್ದ ಮಾಡುವುದು ಮಾತ್ರ ಬೇಡ. ಉದ್ದ ಹೊಲಿಗೆ ಸಡಿಲ ಬಿದ್ದು ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ.

ತುಳಸಿ ವೃಂದಾವನ

ಕಸೂತಿಯಲ್ಲಿ ಗಿಡ ಅಂದರೆ ಮೊದಲು ನೆನಪಾಗುವುದು ಇದೇ. ಕಟ್ಟೆ ನೇರ ಗೆರೆ, ಗಿಡ ಎದುರುಬದುರು ಕವಲು, ಎರಡೂ ಚೌಕಕ್ಕೆ ಒಗ್ಗುವಂಥವು. ದೊಡ್ಡ ವೃಂದಾವನಗಳಲ್ಲಿ ಗೂಡು, ದೀಪ, ಅಕ್ಕಪಕ್ಕ ಗಿಳಿ, ನವಿಲು ಎಲ್ಲ ಇರುತ್ತವೆ. ಇಲ್ಲಿ ಒಂದು ಚಿಕ್ಕದು, 12 ಚೌಕ ಅಗಲ, 20 ಚೌಕ ಎತ್ತರ.

ಕೆಳಗಿನಿಂದ ಮೇಲಕ್ಕೆ ಹೀಗಿದೆ. ಮೊದಲ ಮೆಟ್ಟಿಲು 12 ಅಗಲ, 2 ಎತ್ತರ. ಅದರ ಮೇಲೆ ನಡುವಿಗೆ ಸರಿಯಾಗಿ 8 ಅಗಲ, 2 ಎತ್ತರದ ಇನ್ನೊಂದು. ಅದರ ಮೇಲೆ ಕಂಬ, 4 ಅಗಲ, 6 ಎತ್ತರ. ಕಂಬದ ಮೇಲೆ ಗಿಡ ನೆಟ್ಟ ಕುಂಡದ ಬಾಯಿ, 8 ಅಗಲ, 2 ಎತ್ತರ. ಅದರ ಮೇಲಂಚಿನ ನಡುವಿನಿಂದ ಕಾಂಡ, 8 ಎತ್ತರ. ಕಾಂಡದಲ್ಲಿ 2 ಚೌಕ ಏರಿದ ಮೇಲೆ ಎಡಕ್ಕೂ ಬಲಕ್ಕೂ ಮೇಲ್ಮುಖವಾಗಿ 3 ಓರೆ ಹೊಲಿಗೆಯ ಕವಲು. 4ರಲ್ಲಿ 2 ಹೊಲಿಗೆಯದ್ದು, 6ರಲ್ಲಿ 1 ಹೊಲಿಗೆಯದ್ದು. ಅದರ ಮೇಲೆ ಉಳಿದ ಎರಡು ಚೌಕ ಬರೀ ಕಾಂಡ, ತುಳಸಿಯ ಕದಿರು ಅಂದುಕೊಳ್ಳಿ.

ದೀಪದ ಗೂಡು ಇಲ್ಲದೆ ವೃಂದಾವನ ಬೋಳು ಬೋಳು ಅನ್ನಿಸುತ್ತದೆ ಅಲ್ವಾ? ಆದರೆ ಗೂಡನ್ನು ಕಂಬದ ನಟ್ಟನಡುವೆ ತೇಲಿಸಿದರೆ ಅದಕ್ಕೆ ದಾರಿಯೇ ಇರುವುದಿಲ್ಲ. ಸುತ್ತಲಿನ ಯಾವ ಗೆರೆಗೂ ಅದು ತಾಗುವುದಿಲ್ಲ, ಹಾಗಾಗಿ ಬೇರೆ ದಾರ ಹಾಕಿ ಬೇರೆ ತುದಿ ಮುಚ್ಚಬೇಕು. ಗೂಡನ್ನು ಕಂಬದ ಬುಡದ ಗೆರೆ ಮೇಲೆ ಕೂರಿಸಿ: ಎರಡೂ ಕಡೆ ಒಂದೊಂದು ಚೌಕ ಬಿಟ್ಟು, 2 ಅಗಲ, 3 ಎತ್ತರ. ಬುಡದ ಗೆರೆ ಹೊಲಿಯುವಾಗ ಅದೂ ಮುಗಿದುಹೋಗುತ್ತದೆ. ಬೇರೆ ಯಾವ ಚಿತ್ರಕ್ಕಾದರೂ ಇದೇ ಮಾತು. ಒಳಗಿನ ಅಲಂಕಾರ ಒಂದು ಕಡೆಯಾದರೂ ಹೊರಗೆರೆಗೆ ಅಂಟಿಕೊಂಡಿರಲಿ.

ದಾರಿ: ಎಡ ಕೆಳಮೂಲೆಯಿಂದ ಶುರು. ಹೊರಗೆರೆ ಹಿಡಿದು ಮೇಲಕ್ಕೆ ಹೋಗಿ. ಮೆಟ್ಟಿಲು ಮೆಟ್ಟಿಲು ಕೂಡುವಲ್ಲಿ, ಕಂಬ ಕೂಡುವಲ್ಲಿ, ಕುಂಡ ಕೂಡುವಲ್ಲಿ ಒಳಗಿನ ಅಡ್ಡ ಗೆರೆ ಸಿಗುತ್ತದೆ. ಅದನ್ನು ಕವಲು ಅಂತಲೇ ತಿಳಿದು ಆ ತುದಿಗೆ ಹೋಗಿ ವಾಪಸ್ ಬನ್ನಿ. ಮೇಲಂಚಿನ ನಡುವೆ ಬಂದಾಗ ಗಿಡ ಪೂರ್ತಿ ಮುಗಿಸಿ. ಆಮೇಲೆ ಬಲಗಡೆ ಇಳಿದು, ಬುಡದ ಗೆರೆ ಮುಗಿಸಿ, ಹೊರಗೆರೆಯನ್ನು ಉಲ್ಟಾ ಒಂದು ಸುತ್ತು. ಹೊರಗೆರೆ 56, ಒಳಗಿನ ಅಡ್ಡ ಗೆರೆ 16, ಗೂಡು 8, ಗಿಡ 20. ಸರಿಯಾಗಿ ನೂರು ಹೊಲಿಗೆ. ದಾರ ನಡುವೆ ಮುಗಿಯುತ್ತದೆ, ಗಾಬರಿ ಬೇಡ. ನಿಂತ ಜಾಗದಿಂದಲೇ ಹೊಸ ದಾರ ಶುರು ಮಾಡಿ.

ಅಂಚಿಗೆ ಬಳ್ಳಿ

ಮುರಗಿಯಲ್ಲಿ ಎರಡು ಅಡ್ಡ, ಒಂದು ಮೇಲೆ. ಹೀಗೆ ಮೂರು ಮೆಟ್ಟಿಲು ಏರಿ. ಆಮೇಲೆ ಎರಡು ಅಡ್ಡ, ಒಂದು ಕೆಳಗೆ, ಮೂರು ಮೆಟ್ಟಿಲು ಇಳಿಯಿರಿ. ಒಂದು ಏರು ಇಳಿತಕ್ಕೆ 12 ಚೌಕ. ತುತ್ತತುದಿಯ ಎರಡು ಹೊಲಿಗೆಯ ನಡುವಿನಿಂದ ಮೇಲಕ್ಕೆ ನಾಲ್ಕು ಓರೆ ಹೊಲಿಗೆಯ ಒಂದು ಎಲೆ, ತಗ್ಗಿನ ನಡುವಿನಿಂದ ಕೆಳಕ್ಕೆ ಒಂದು ಎಲೆ. ಒಂದು ಎಲೆ ಆ ಕಡೆ, ಒಂದು ಈ ಕಡೆ, ವೀಳ್ಯದೆಲೆ ಬಳ್ಳಿಯ ಹಾಗೇ. ಒಟ್ಟು ಎತ್ತರ 7 ಚೌಕ.

ಬಳ್ಳಿ ಶುರು ಮಾಡುವ ಮುಂಚೆ ಅಗಲ ಎಣಿಸಲೇಬೇಕು. 14 ಇಂಚು ಅಗಲದ ಟೇಬಲ್ ರನ್ನರ್ ಅಂದರೆ 196 ಚೌಕ. 12ರಿಂದ ಭಾಗಿಸಿದರೆ 16 ಏರಿಳಿತ, 4 ಚೌಕ ಉಳಿಯುತ್ತದೆ. ಆ ಕಡೆ 2, ಈ ಕಡೆ 2 ಬಿಟ್ಟುಬಿಡಿ. ಅರ್ಧ ಎಲೆಗೆ ಬಳ್ಳಿ ಕತ್ತರಿಸಿದ ಹಾಗೆ ನಿಂತರೆ ಎಷ್ಟು ಚೆನ್ನಾಗಿ ಹೊಲಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಜಾಸ್ತಿ ಉಳಿದರೆ ಏರುವ ಮೆಟ್ಟಿಲು ಎರಡೇ ಮಾಡಿ, ಇಳಿಯುವುದೂ ಎರಡು, ಆಗ 8 ಚೌಕದ ಏರಿಳಿತ. ಹೊಲಿಯುವುದು ನಡುವಿನಿಂದ ಎರಡೂ ಕಡೆಗೆ.

ಬಣ್ಣ

ಎಲೆಗೆ ಹಸಿರೇ ಆಗಬೇಕು ಅಂತಿಲ್ಲ. ಹಳೆಯ ಸೀರೆಗಳಲ್ಲಿ ಕೆಂಪು, ಕಿತ್ತಳೆ, ಬಿಳಿ, ನೇರಳೆ, ಹಸಿರು ಎಲ್ಲ ಬಳಸಿದ್ದಾರೆ. ಕಪ್ಪು ಚಂದ್ರಕಾಳಿ ಮೇಲೆ ಗಾಢ ಹಸಿರು ಮುಳುಗಿಹೋಗುತ್ತದೆ, ಬಿಳಿ, ಕಿತ್ತಳೆ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಒಂದು ಚಿತ್ರಕ್ಕೆ ಎರಡು ಬಣ್ಣ ಸಾಕು, ಮೂರನೆಯದು ಬಂದರೆ ಹೊಲಿಗೆ ಕಾಣುವ ಬದಲು ಬಣ್ಣವೇ ಕಾಣುತ್ತದೆ. ಬಣ್ಣ ಬದಲಿಸಿದರೆ ದಾರಿಯೂ ಬೇರೆಯಾಗುತ್ತದೆ ಅನ್ನುವುದು ನೆನಪಿರಲಿ. ತಾವರೆಯಲ್ಲಿ ಮೂಲೆಯ ಪುಟ್ಟ ಚೌಕಗಳು, ವೃಂದಾವನದಲ್ಲಿ ಗಿಡ, ಇಂಥ ಪೂರ್ತಿ ಕವಲುಗಳನ್ನು ಬೇರೆ ಬಣ್ಣಕ್ಕೆ ಬಿಡಿ. ಕಾಂಡದ ಅರ್ಧದಲ್ಲಿ ಬದಲಿಸಬೇಡಿ.

ಕೆಂಪು ದಾರದ ಬಣ್ಣ ಬಿಡುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯೊಳಗಿಟ್ಟು ಇಸ್ತ್ರಿ ಒತ್ತಿದರೆ ಗೊತ್ತಾಗುತ್ತದೆ.

ಎಳೆ ಎಣಿಸಲಾಗದ ಬಟ್ಟೆಗೆ

ರೇಷ್ಮೆ ಕುಬಸ, ನುಣುಪಾದ ಸೀರೆ ಇವುಗಳ ಎಳೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಜಾಳುಜಾಳಾದ ಕ್ಯಾನ್ವಾಸ್ ತುಂಡನ್ನು ಬಟ್ಟೆ ಮೇಲೆ ಇಟ್ಟು ನಾಲ್ಕೂ ಕಡೆ ದೊಡ್ಡ ಟಾಕಾ ಹಾಕಿ. ಬಟ್ಟೆಯ ನೇಯ್ಗೆಗೂ ಕ್ಯಾನ್ವಾಸಿಗೂ ನೇರ ಇರಬೇಕು, ಸ್ವಲ್ಪ ತಿರುಗಿದರೂ ವೃಂದಾವನ ವಾಲುತ್ತದೆ. ಕಂಡಿಗಳ ಮೂಲಕವೇ ಹೊಲಿಯಿರಿ, ಕ್ಯಾನ್ವಾಸಿನ ಎಳೆ ಚುಚ್ಚಬೇಡಿ. ಇಲ್ಲಿ ಮಾತ್ರ ಚೂಪು ಸೂಜಿ ಬೇಕಾಗುತ್ತದೆ. ಮುಗಿದ ಮೇಲೆ ಕ್ಯಾನ್ವಾಸ್ ಸ್ವಲ್ಪ ಒದ್ದೆ ಮಾಡಿ, ಗಂಜಿ ಮೆತ್ತಗಾದ ಮೇಲೆ ಒಂದೊಂದೇ ಎಳೆ ಚಿಮಟದಲ್ಲಿ ಎಳೆದು ತೆಗೆಯಿರಿ. ಮೊದಲು ಅಡ್ಡ ಎಳೆ ಎಲ್ಲ, ಆಮೇಲೆ ಉದ್ದದ್ದು. ಎಳೆ ಹೋದ ಮೇಲೆ ಹೊಲಿಗೆ ಸ್ವಲ್ಪ ಸಡಿಲವಾಗುತ್ತದೆ. ಹಾಗಾಗಿ ಹೊಲಿಯುವಾಗಲೇ ಕೊಂಚ ಬಿಗಿಯಾಗಿ, ಆದರೆ ಬಟ್ಟೆ ಸುಕ್ಕಾಗದಷ್ಟು.

ದಿನದ ಕೆಲಸ ಮುಗಿದ ಕೂಡಲೇ ರಿಂಗ್ ಬಿಚ್ಚಿಡಿ, ಇಲ್ಲದಿದ್ದರೆ ಅದರ ಗುರುತು ಬಟ್ಟೆಯಲ್ಲಿ ಉಳಿದುಬಿಡುತ್ತದೆ. ಒಗೆಯುವಾಗ ತಣ್ಣೀರು, ಮೆದು ಸೋಪು, ಹಿಂಡುವುದು ಬೇಡ. ಇಸ್ತ್ರಿಗೆ ದಪ್ಪ ಟವೆಲ್ ಹಾಸಿ, ಕಸೂತಿ ಕೆಳಮುಖ ಮಾಡಿ, ಹಿಂದಿನಿಂದ ಒತ್ತಿ. ಎರಡೂ ಕಡೆ ಒಂದೇ ಥರ ಇರುವ ಕೆಲಸ ಆದರೆ ಯಾವ ಕಡೆ ಕೆಳಗಿದ್ದರೂ ನಡೆಯುತ್ತದೆ.